ಗೊಂಬೆಯ ಮೇಲೆ ಪಳಗಿದ ಕೈ

ಪ್ಯಾರಿಸಿನಿಂದ ಹೊರಟ ರೈಲು ಸೇನ್ ನದಿಯ ತಿರುವುಗಳನ್ನು ಮತ್ತೆ ಮತ್ತೆ ದಾಟುತ್ತ ಸುಮಾರು ಒಂದೂವರೆ ಗಂಟೆಯಲ್ಲಿ ರೂಆನ್ ನಗರವನ್ನು ಸೇರುತ್ತದೆ. ಪ್ರವಾಸಿಗರು ಇಲ್ಲಿಗೆ ಬರುವುದು ಚಿತ್ರಕಾರ ಮೊನೆ ಮರಳಿ ಮರಳಿ ಚಿತ್ರಿಸಿದ ಮಹಾ ಇಗರ್ಜಿಯನ್ನು ನೋಡುವುದಕ್ಕೆ. 1431ರಲ್ಲಿ ಜೋನ್ ಆಫ್ ಆರ್ಕಳನ್ನು ಸಜೀವವಾಗಿ ದಹಿಸಿದ ಚೌಕದಲ್ಲಿ ಒಂದು ಗಳಿಗೆ ನಿಲ್ಲುವುದಕ್ಕೆ. ನಾನು ಬಂದದ್ದು ನನ್ನ ತಾಯಿಯ ಒಂದು ಪ್ರಶ್ನೆಯನ್ನು ಹೊತ್ತು.

72ರ ವಯಸ್ಸಿನಲ್ಲಿ ಆಕೆಯ ಹೃದಯದ ಮಹಾಧಮನಿಯ ಕವಾಟ ಸುಣ್ಣಗಟ್ಟಿ ಬಿಗಿದಿತ್ತು. ಎದೆ ಸೀಳದೆ, ತೊಡೆಯ ರಕ್ತನಾಳದ ಮೂಲಕ ಹೊಸ ಕವಾಟವನ್ನು ಕೂಡಿಸುವುದೆಂದು ನಿರ್ಧಾರವಾಯಿತು. ಹಿಂದಿನ ರಾತ್ರಿ ಆಕೆ ಕೇಳಿದಳು: “ಕಣ್ಣಿಗೆ ಕಾಣದ ಕಡೆ ಕೈಯಾಡಿಸುತ್ತಾರಂತೆ. ಇದನ್ನು ಅವರು ಮೊದಲು ಯಾರ ಮೇಲೆ ಕಲಿತರಪ್ಪ?” ನನ್ನಲ್ಲಿ ಉತ್ತರವಿರಲಿಲ್ಲ. ತಾಯಿ ಗುಣವಾಗಿ ಮನೆಗೆ ಬಂದಳು. ಪ್ರಶ್ನೆ ಮಾತ್ರ ಉಳಿಯಿತು.

ನಗರದ ಪಶ್ಚಿಮಕ್ಕಿರುವ ಹಳೆಯ ಆಸ್ಪತ್ರೆಯ ಒಂದು ಭಾಗ ಇಂದು ವಸ್ತುಸಂಗ್ರಹಾಲಯ. ಮುಖ್ಯ ಶಸ್ತ್ರವೈದ್ಯನ ಮಗನಾಗಿ ಕಾದಂಬರಿಕಾರ ಫ್ಲೊಬೇರ್ 1821ರಲ್ಲಿ ಹುಟ್ಟಿದ್ದು ಇಲ್ಲಿಯೇ. ಅವನ ‘ಮದಾಮ್ ಬೊವಾರಿ’ಯಲ್ಲಿ ಒಬ್ಬ ವೈದ್ಯನು ಪುಸ್ತಕವನ್ನು ಓದಿಕೊಂಡು ಬಡವನೊಬ್ಬನ ಸೊಟ್ಟ ಪಾದಕ್ಕೆ ಕತ್ತಿಯಿಡುತ್ತಾನೆ, ಕೊನೆಗೆ ಆ ಕಾಲನ್ನೇ ಕತ್ತರಿಸಬೇಕಾಗುತ್ತದೆ. ಅರೆಗಲಿತ ಕೈಯ ಬೆಲೆಯನ್ನು ತೆರುವವನು ರೋಗಿ ಎಂಬುದನ್ನು ಆಸ್ಪತ್ರೆಯಲ್ಲಿ ಬೆಳೆದ ಹುಡುಗ ಚೆನ್ನಾಗಿ ಬಲ್ಲ.

ಅದೇ ಕಟ್ಟಡದಲ್ಲಿ ಬಟ್ಟೆಯಿಂದ ಹೊಲಿದ ಒಂದು ಗೊಂಬೆಯಿದೆ: ಬಸುರಿಯ ಒಡಲು, ಅದರೊಳಗಿಂದ ಹೊರತೆಗೆಯಬಹುದಾದ ಶಿಶು. 1759ರಲ್ಲಿ ಹದಿನೈದನೆಯ ಲೂಯಿ ದೊರೆಯ ಅಪ್ಪಣೆ ಪಡೆದ ಮದಾಮ್ ದ್ಯು ಕುದ್ರೆ ಎಂಬ ಸೂಲಗಿತ್ತಿ ಇಂತಹ ಗೊಂಬೆಗಳೊಡನೆ ಫ್ರಾನ್ಸಿನ ಊರೂರು ಸುತ್ತಿ, ಅಕ್ಷರವರಿಯದ ಹಳ್ಳಿಯ ಹೆಂಗಸರ ಕೈಗಳಿಗೆ ಹೆರಿಗೆಯ ವಿದ್ಯೆಯನ್ನು ಕಲಿಸಿದಳು. ತಪ್ಪುವುದಾದರೆ ಬಟ್ಟೆಯ ಮೇಲೆ ತಪ್ಪಲಿ ಎಂಬುದು ಆಕೆಯ ಪಾಠ.

ಊರಿನ ಪೂರ್ವಕ್ಕೆ ಈಗಿನ ಆಸ್ಪತ್ರೆ ಇದೆ. ರೂಆನಿನವನೇ ಆದ, ನೊಬೆಲ್ ಪಾರಿತೋಷಕ ಪಡೆದ ಶಾರ್ಲ್ ನಿಕೋಲನ ಹೆಸರು ಅದಕ್ಕೆ. ಇಲ್ಲಿ ಡಾಕ್ಟರ್ ಅಲೆನ್ ಕ್ರಿಬಿಯೆ 1985ರಲ್ಲಿ ಬಿಗಿದ ಕವಾಟವನ್ನು ಬಲೂನಿನಿಂದ ಹಿಗ್ಗಿಸಿದರು. ಆದರೆ ಕೆಲವೇ ತಿಂಗಳಲ್ಲಿ ಅದು ಮತ್ತೆ ಬಿಗಿಯುತ್ತಿತ್ತು. ಹಾಗಾದರೆ ಹೊಸ ಕವಾಟವನ್ನೇ ಲೋಹದ ಜಾಲರಿಯಲ್ಲಿ ಮಡಿಸಿ ಕಳುಹಿಸಿದರೆ? ಅಸಾಧ್ಯವೆಂದರು ಬಲ್ಲವರು. ಕ್ರಿಬಿಯೆ ತಂಡದವರು ಮೊದಲು ಈ ರೋಗದಿಂದ ಕವಾಟ ಕೆಟ್ಟು ಸತ್ತವರ 12 ಹೃದಯಗಳಲ್ಲಿ ಜಾಲರಿಯನ್ನು ಅರಳಿಸಿ, ಅದು ಹಿಡಿದು ನಿಲ್ಲುವುದೇ, ಹೃದಯಕ್ಕೇ ರಕ್ತವೊಯ್ಯುವ ನಾಳಗಳ ಬಾಯಿಯನ್ನು ಮುಚ್ಚುವುದೇ ಎಂದು ಅಳೆದು ನೋಡಿದರು. ಅನಂತರ ಕುರಿಗಳ ಮೇಲೆ ವರ್ಷಗಟ್ಟಲೆ ಪ್ರಯೋಗ ನಡೆಯಿತು. 2002ರ ಏಪ್ರಿಲ್ 16ರಂದು, ಬೇರೆ ದಾರಿಯಿಲ್ಲದೆ ಸಾವಿನಂಚಿನಲ್ಲಿದ್ದ 57 ವರ್ಷದ ಒಬ್ಬಾತನಿಗೆ ದನದ ಹೃದಯದ ಪೊರೆಯಿಂದ ಮಾಡಿದ ಕವಾಟವನ್ನು ಕೂಡಿಸಿದರು. ಕವಾಟ ಕೆಲಸಮಾಡಿತು. ರೋಗಿ ಮಾತ್ರ ಸುಮಾರು ನಾಲ್ಕು ತಿಂಗಳ ತರುವಾಯ ಬೇರೆ ತೊಡಕುಗಳಿಂದ ತೀರಿಕೊಂಡ. ಆಮೇಲೆ ಜಗತ್ತಿನ ನಾನಾ ದೇಶಗಳ ವೈದ್ಯರು ಈ ವಿದ್ಯೆಗಾಗಿ ಕ್ರಿಬಿಯೆಯವರ ಬಳಿ ಬಂದರು. 2024ರಲ್ಲಿ ಅವರೂ ಇಲ್ಲವಾದರು.

ಇಂದಿನ ಶಿಷ್ಯನು ಸ್ಕ್ಯಾನ್ ಚಿತ್ರದಲ್ಲಿ ರೋಗಿಯ ಕವಾಟವನ್ನು ಮಿಲಿಮೀಟರಿನ ಲೆಕ್ಕದಲ್ಲಿ ಅಳೆಯಲು ಕಲಿಯುತ್ತಾನೆ. ಕಂಪ್ಯೂಟರಿನ ಕೃತಕ ದೇಹದಲ್ಲಿ ನಳಿಗೆಯನ್ನು ನಡೆಸುತ್ತಾನೆ. ಮೊದಮೊದಲ ರೋಗಿಗಳ ವೇಳೆ ಅನುಭವಿಯೊಬ್ಬರು ಪಕ್ಕದಲ್ಲೇ ನಿಂತಿರುತ್ತಾರೆ. ಪಕ್ಕೆಲುಬುಗಳ ನಡುವಿನ ಕಿರುಗಂಡಿಯಿಂದ ನೀಳ ಉಪಕರಣಗಳನ್ನು ತೂರಿಸಿ ಕವಾಟವನ್ನು ಸರಿಪಡಿಸುವ ಶಸ್ತ್ರವೈದ್ಯರು ಹಂದಿಯ ಹೃದಯದ ಮೇಲೆ ಹೊಲಿಗೆ ಅಭ್ಯಾಸಮಾಡುತ್ತಾರೆ. ಅಷ್ಟಕ್ಕೇ ಸಾಲದು. ಜರ್ಮನಿಯ ಲೈಪ್ಸಿಗ್ ನಗರದಲ್ಲಿ 17 ಶಸ್ತ್ರವೈದ್ಯರ ಇಂತಹ ಕೆಲಸವನ್ನು ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಕೈ ಪಳಗಲು 75ರಿಂದ 125 ಶಸ್ತ್ರಕ್ರಿಯೆಗಳು ಬೇಕು. ಪಳಗಿದ ಕೈ ಜಡ್ಡುಗಟ್ಟದಿರಲು ವಾರಕ್ಕೆ ಒಂದಕ್ಕಿಂತ ಹೆಚ್ಚು. ಗೊಂಬೆ ಎಷ್ಟೇ ಕಲಿಸಲಿ, ಕೊನೆಯ ಪಾಠ ಜೀವಂತ ಮನುಷ್ಯನ ಮೈಮೇಲೆಯೇ.

ಊರಿಗೆ ಮರಳಿ ತಾಯಿಗೆ ಎಲ್ಲವನ್ನೂ ಹೇಳಿದೆ: ಗೊಂಬೆ, ಸತ್ತವರ ಹೃದಯಗಳು, ಕುರಿಗಳು, ಆಮೇಲೆ ಆ ಮೊದಲನೆಯ ಮನುಷ್ಯ. ಆಕೆ ಎದೆಯ ಮೇಲೆ ಕೈಯಿಟ್ಟುಕೊಂಡು ಬಹಳ ಹೊತ್ತು ಸುಮ್ಮನಿದ್ದಳು. “ಆತನಿಗೆ ಮಕ್ಕಳಿದ್ದರೇನೋ?” ಎಂದಳು. ಈ ಪ್ರಶ್ನೆಗೂ ನನ್ನಲ್ಲಿ ಉತ್ತರವಿರಲಿಲ್ಲ.