ತಾಳೆಯಾಗುವ ಲೆಕ್ಕ

ಹಳೆಯ 486 ಕಂಪ್ಯೂಟರಿನ ಮುಂದೆ ಒಂದು ಸಂಖ್ಯೆಗಾಗಿ ಸಂಜೆಯಿಡೀ ಕೂರುವುದೆಂದರೆ ನನಗೆ ಬಲು ಇಷ್ಟ. ಪ್ರೊಸೆಸರು ಗ್ರಾಫಿಕ್ಸ್ ಕಾರ್ಡಿನ ಮೆಮೊರಿಗೆ ಸೆಕೆಂಡಿಗೆ ಎಷ್ಟು ಬೈಟ್ ತಲುಪಿಸಬಲ್ಲದು ಎಂಬುದೇ ಆ ಸಂಖ್ಯೆ. ಇಂದಿನ ಯಂತ್ರಗಳಲ್ಲೂ ಅದನ್ನು ಅಳೆಯಬಹುದು. ಆದರೆ ಡ್ರೈವರು, ಕ್ಯಾಶ್ ಎಂದು ನಡುವೆ ಅದೆಷ್ಟೋ ಪದರಗಳು. 486ರಲ್ಲಿ ದಾರಿ ಚಿಕ್ಕದು, ಮೊದಲೇ ಕಾಗದದ ಮೇಲೆ ಲೆಕ್ಕ ಹಾಕಿಟ್ಟು ಆಮೇಲೆ ಅಳೆದು ತಾಳೆ ನೋಡಬಹುದು.

ಆ ದಾರಿ ಎಂದರೆ ಕಾರ್ಡು ಕೂರುವ ಸ್ಲಾಟು. 1984ರ ಐಬಿಎಂ ಪಿಸಿ ಎಟಿಯಲ್ಲಿ ಬಂದ 16 ಬಿಟ್ ಸ್ಲಾಟು, ಮುಂದೆ ಐಎಸ್‌ಎ ಎನಿಸಿಕೊಂಡು 486ರ ಕಾಲದಲ್ಲೂ ಉಳಿಯಿತು. 33 ಮೆಗಾಹರ್ಟ್ಸ್ ಬೋರ್ಡು ತನ್ನ ಗಡಿಯಾರವನ್ನು ನಾಲ್ಕರಿಂದ ಭಾಗಿಸಿ ಅದಕ್ಕೆ 8.33 ಮೆಗಾಹರ್ಟ್ಸ್ ಕೊಡುತ್ತದೆ. ಎರಡು ಬೈಟ್ ದಾಟಿಸಲು ಸಾಮಾನ್ಯವಾಗಿ ಮೂರು ಟಿಕ್ ಬೇಕು. ಅಂದರೆ ಸೆಕೆಂಡಿಗೆ 55.5 ಲಕ್ಷ ಬೈಟ್. ಕೆರೆ ಎಷ್ಟೇ ತುಂಬಿರಲಿ, ಗದ್ದೆಗೆ ನೀರು ಹರಿಯುವುದು ತೂಬಿನ ಅಳತೆಗೆ ತಕ್ಕಷ್ಟೇ. ಈ ಸ್ಲಾಟಿನ ಮುಂದೆ ಪ್ರೊಸೆಸರಿನ ವೇಗವೂ ಹಾಗೆಯೇ.

ಅಳೆಯುವುದು ಡಾಸ್‌ನಲ್ಲಿ. 320x200, 256 ಬಣ್ಣಗಳ ಮೋಡಿನಲ್ಲಿ ಪರದೆಯ ಮೆಮೊರಿ ಎ0000 ವಿಳಾಸದಿಂದ ಶುರುವಾಗುತ್ತದೆ. ಅಲ್ಲಿಗೆ ಬೈಟುಗಳನ್ನು ಸುರಿಯುತ್ತಲೇ ಹೋಗಬೇಕು. ಡಾಸ್‌ನ ಗಡಿಯಾರ ಸೆಕೆಂಡಿಗೆ ಸುಮಾರು 18.2 ಸಲವಷ್ಟೇ ಮಿಡಿಯುತ್ತದೆ, ಅದು ತೀರಾ ಒರಟು. ಅದರ ಹಿಂದಿರುವ ಟೈಮರ್ ಚಿಪ್ಪನ್ನೇ ನೇರವಾಗಿ ಓದಿದರೆ ಸೆಕೆಂಡಿಗೆ ಸುಮಾರು 11.93 ಲಕ್ಷ ಎಣಿಕೆ ಸಿಗುತ್ತದೆ. ಒಂದೊಂದೇ ಬೈಟು, ಎರಡೆರಡು, ನಾಲ್ಕು ನಾಲ್ಕು ಹೀಗೆ ಬರೆದು ನೋಡುತ್ತೇನೆ. ಎರಡಕ್ಕೆ ಏರಿದಾಗ ವೇಗ ಜಿಗಿಯುತ್ತದೆ. ನಾಲ್ಕಕ್ಕೆ ಹೋದರೆ ಹೆಚ್ಚಿನ ಲಾಭವಿಲ್ಲ, ಸ್ಲಾಟು ಅದನ್ನು ಒಡೆದು ಎರಡು ಕಂತಿನಲ್ಲೇ ದಾಟಿಸಬೇಕಲ್ಲ!

ನಿಜವಾದ ರುಚಿ ಇರುವುದು ಅಂಕಿ ಬಂದ ಮೇಲೆ. 41 ಲಕ್ಷದ ಆಸುಪಾಸು ಬಂತೆನ್ನಿ. ನಾಲ್ಕು ಟಿಕ್‌ನ ಲೆಕ್ಕ 41.7 ಲಕ್ಷ. ಅಂದರೆ ಕಾರ್ಡು ಪ್ರತಿ ಸಲವೂ ಒಂದು ಟಿಕ್ ಹೆಚ್ಚಾಗಿ ಕಾಯಿಸುತ್ತಿದೆ! ಏಕೆಂದರೆ ಸೆಕೆಂಡಿಗೆ 70 ಸಲ ಪರದೆಗೆ ಚಿತ್ರ ಉಣಿಸುವ ಕೆಲಸವೂ ಅದೇ ಮೆಮೊರಿಯದು. ಈ ಎರಡು ಕೆಲಸಗಳನ್ನು ಚೆನ್ನಾಗಿ ತೂಗಿಸಿದ್ದಕ್ಕೇ ಟ್ಸೆಂಗ್ ಲ್ಯಾಬ್ಸ್‌ನ ಇಟಿ4000 ಚಿಪ್ಪು ಐಎಸ್‌ಎ ಪ್ರಿಯರಲ್ಲಿ ಹೆಸರಾಯಿತು. ಬಯಾಸ್‌ಗೆ ಹೋಗಿ ನಾಲ್ಕರ ಬದಲು ಮೂರರಿಂದ ಭಾಗಿಸಲು ಹೇಳಿದರೆ ಸ್ಲಾಟಿಗೆ 11.1 ಮೆಗಾಹರ್ಟ್ಸ್. ಅಳತೆಯೂ ಮೂರನೇ ಒಂದರಷ್ಟು ಏರಿದರೆ ಅಡ್ಡಿ ಇದ್ದದ್ದು ಬಸ್ಸಿನಲ್ಲಿ, ಅಂದರೆ ಸ್ಲಾಟಿನ ದಾರಿಯಲ್ಲಿ. ಅಷ್ಟು ಏರದಿದ್ದರೆ ಕಾರ್ಡಿನಲ್ಲಿ.

ಈ ಅಂಕಿ ಆಟದಲ್ಲೂ ಕಾಣುತ್ತದೆ. ಒಂದು ಪರದೆ ತುಂಬಲು 64,000 ಬೈಟ್ ಬೇಕು. 1993ರ ಡೂಮ್ ಆಟದ ಗರಿಷ್ಠ ವೇಗ ಸೆಕೆಂಡಿಗೆ 35 ಚಿತ್ರ, ಅಂದರೆ 22.4 ಲಕ್ಷ ಬೈಟ್. ಐಎಸ್‌ಎ ಕಾರ್ಡಿನಲ್ಲಿ ಪ್ರತಿ ಸೆಕೆಂಡಿನ ಐದರಲ್ಲಿ ಎರಡು ಪಾಲಾದರೂ ಬರೀ ಸಾಗಣೆಗೇ ಹೋಯಿತು. 1992ರಲ್ಲಿ ವೆಸಾ ಲೋಕಲ್ ಬಸ್ ಏಕೆ ಬೇಕಾಯಿತೆಂಬುದು ಇಲ್ಲೇ ತಿಳಿಯುತ್ತದೆ. 32 ಬಿಟ್ ಅಗಲ, 33 ಮೆಗಾಹರ್ಟ್ಸ್, ಕಾಗದದ ಮೇಲೆ ಸೆಕೆಂಡಿಗೆ 13.3 ಕೋಟಿ ಬೈಟ್! ಅಳೆದರೆ ಅದರ ಹತ್ತಿರವೂ ಸುಳಿಯುವುದಿಲ್ಲ. ಬಸ್ಸು ಅಗಲವಾದಾಗ ಕಾರ್ಡಿನ ಮೆಮೊರಿಯೇ ಅಡ್ಡಿಯಾಗಿ, ಹೊಸ ಲೆಕ್ಕವೊಂದು ಶುರುವಾಗುತ್ತದೆ.

ಈ ಹವ್ಯಾಸಕ್ಕೆ ಇಳಿಯುವವರಿಗೆ ನಾನು ಹೇಳುವುದು ಇಷ್ಟೇ: ಪ್ರೋಗ್ರಾಂ ಓಡಿಸುವ ಮೊದಲು ಬರಬೇಕಾದ ಅಂಕಿಯನ್ನು ನೀವೇ ಬರೆದಿಡಿ. ಬಂದ ಅಂಕಿಗೂ ಬರೆದದ್ದಕ್ಕೂ ನಡುವೆ ಕಾಣುವ ವ್ಯತ್ಯಾಸವೇ ನಿಮಗೆ ಯಂತ್ರವನ್ನು ಕಲಿಸುತ್ತದೆ.