ಚಿಕ್ಕಪ್ಪನ ಲಾರಿ ಮನೆಗೆ ಬರುವ ಶನಿವಾರ

ಬೆಂಗಳೂರಿನ ಬಸ್ಸು ಶ್ರೀರಂಗಪಟ್ಟಣದಲ್ಲಿ ಇಳಿಸಿದಾಗ ಮಧ್ಯಾಹ್ನ ಮೂರು ಗಂಟೆ. ಚಿಕ್ಕಪ್ಪನ ಲಾರಿ ಆಗಲೇ ರಸ್ತೆ ಬದಿಯಲ್ಲಿ ನಿಂತಿತ್ತು. ಮುಂಬೈನಿಂದ ತಂದ ಲೋಡನ್ನು ಮೈಸೂರಲ್ಲಿ ಇಳಿಸಿ, ಖಾಲಿ ಗಾಡಿಯಲ್ಲಿ ಕೆ.ಆರ್. ಪೇಟೆ ಹತ್ತಿರದ ನಮ್ಮೂರಿಗೆ ಹೊರಟಿದ್ದರು.

"ಹತ್ಲಾ ಮಗ. ನಿಮ್ಮ ಆಫೀಸ್ ಥರ ಎಸಿ ಇಲ್ಲ, ಗ್ಲಾಸ್ ಇಳಿಸ್ಕೋ."

2025ರ ಅಕ್ಟೋಬರ್ 1ರಿಂದ ತಯಾರಾಗುವ ದೊಡ್ಡ ಲಾರಿಗಳ ಕ್ಯಾಬಿನ್‌ಗೆ ಎಸಿ ಕಡ್ಡಾಯ. ಚಿಕ್ಕಪ್ಪನದು ಹಳೇ ಗಾಡಿ.

ಪಾಂಡವಪುರದ ರಸ್ತೆಗೆ ತಿರುಗಿದ ಮೇಲೆ ಲಾರಿಯ ವೇಗ ತಾನೇ ಇಳಿಯಿತು. ಎರಡೂ ಕಡೆ ಭತ್ತ ಕೊಯ್ದ ಗದ್ದೆ, ಕಬ್ಬು, ದೂರದಲ್ಲಿ ಕುಂತಿಬೆಟ್ಟ. ಮುಂದೆ ಕಬ್ಬು ಹೇರಿಕೊಂಡ ಟ್ರ್ಯಾಕ್ಟರ್ ತೂಗಾಡ್ತಾ ಹೋಗ್ತಿತ್ತು. ಚಿಕ್ಕಪ್ಪ ಹಾರ್ನ್ ಹೊಡೀಲಿಲ್ಲ. ಆಲೆಮನೆಯೊಂದರ ಹತ್ತಿರ ನಿಲ್ಲಿಸಿ, ಮಗಳಿಗೆ ಅಂತ ಬಿಸಿ ಬಿಸಿ ಅಚ್ಚು ಬೆಲ್ಲ ಕಟ್ಟಿಸಿಕೊಂಡರು.

ಮೊದಲು ಅವರು ಡೆಲ್ಲಿ ಲೈನಲ್ಲಿದ್ದರು. ಮದ್ದೂರು ಮಾರುಕಟ್ಟೆಯಿಂದ ಎಳನೀರು ತುಂಬಿಕೊಂಡು ಹೋದರೆ, ವಾಪಸ್ ಲೋಡ್ ಸಿಕ್ಕಿ ಬರೋಷ್ಟರಲ್ಲಿ ಮೂರು ವಾರ. ಎಳನೀರು ಕಾಯಲ್ಲ, ಹಾಗಾಗಿ ಡ್ರೈವರ್‌ಗೂ ನಿದ್ದೆ ಇಲ್ಲ. ತಾತ ತೀರಿಕೊಂಡ ದಿನ ಅವರು ನಾಗಪುರ ದಾಟಿದ್ದರು. ತಾತನಿಗೆ ಒಂದು ಹಿಡಿ ಮಣ್ಣು ಹಾಕೋಕೂ ಆಗಲಿಲ್ಲ. ತಿಥಿಗೆ ಎರಡು ದಿನ ಇದೆ ಅನ್ನುವಾಗ ಬಂದು, ಸಮಾಧಿ ಹತ್ತಿರ ಒಬ್ಬರೇ ಕೂತಿದ್ದು ನನಗೆ ಚೆನ್ನಾಗಿ ನೆನಪಿದೆ.

ಅದಾದ ಮೇಲೆ ಓನರ್ ಹತ್ತಿರ ಒಂದೇ ಮಾತು: "ಬಾಂಬೆ ಲೈನ್ ಕೊಡಿ, ಎರಡು ವಾರಕ್ಕೊಂದು ಭಾನುವಾರ ಮನೇಲಿರ್ಬೇಕು." ದುಡ್ಡು ಕಮ್ಮಿಯಾಯಿತು. ಚಿಕ್ಕಮ್ಮ ಒಂದು ಹಸು ಕಟ್ಟಿ ಡೇರಿಗೆ ಹಾಲು ಹಾಕೋಕೆ ಶುರು ಮಾಡಿದರು.

1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯೇ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ, ವಾರಕ್ಕೊಂದು ರಜೆ ಎಂದು ಹೇಳಿತ್ತು. ಆದರೆ ಅದು ಐದು ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳಿಗೆ. ಚಿಕ್ಕಪ್ಪನ ಓನರ್ ಹತ್ತಿರ ಇರೋದೇ ಎರಡು ಲಾರಿ. ಇಲ್ಲಿ ರಜೆ ಅನ್ನೋದು ಬಾಯಿಬಿಟ್ಟು ಕೇಳಿದರೆ ಮಾತ್ರ.

ಚಿನಕುರಳಿ ದಾಟಿ, ಕೆ.ಆರ್. ಪೇಟೆ ಕಡೆ ಹೋಗಿ ಊರು ಸೇರುವಾಗ ಕತ್ತಲಾಗಿತ್ತು. ಲಾರಿ ನಮ್ಮ ಬೀದಿಗೆ ನುಗ್ಗಲ್ಲ, ಅರಳಿಕಟ್ಟೆ ಪಕ್ಕದಲ್ಲೇ ಅದರ ಠಿಕಾಣಿ. ಸದ್ದು ಕೇಳಿಯೇ ತಂಗಿ ಓಡಿ ಬಂದಳು.

ಭಾನುವಾರ ಚಿಕ್ಕಪ್ಪ ಮಲಗಿಯೇ ಇರ್ತಾರೆ ಅಂದ್ಕೊಂಡಿದ್ದೆ. ಬೆಳಿಗ್ಗೆ ಆರಕ್ಕೇ ಹಸು ಮೈ ತೊಳೀತಿದ್ದರು.

"ನಿದ್ದೆ ಬರಲ್ವಾ ಚಿಕ್ಕಪ್ಪ?"

"ಮೈಸೂರಲ್ಲಿ ಲೋಡ್ ಇಳಿಸುವಾಗ್ಲೇ ನಾಲ್ಕು ಗಂಟೆ ಮಲಗಿಬಿಡ್ತೀನಿ ಕಣ್ಲಾ. ಮನೇಗ್ ಬಂದು ಮಲಗಿದ್ರೆ ಬಂದಂಗೇ ಆಗಲ್ಲ."

ನಾಟಿಕೋಳಿ ಸಾರು, ಮುದ್ದೆ ಊಟಕ್ಕೆ ಎಲ್ಲರೂ ಕೂತಾಗ ನನ್ನ ಲ್ಯಾಪ್‌ಟಾಪ್ ಜಗಲಿ ಮೇಲೆ ತೆರೆದೇ ಇತ್ತು. ಅವ್ವ ಏನೂ ಅನ್ನಲಿಲ್ಲ. ಚಿಕ್ಕಪ್ಪ ಒಮ್ಮೆ ಅದರ ಕಡೆ ನೋಡಿದರು, ಅಷ್ಟೇ. ನಾನು ಊರಿಗೆ ಬಂದು ಮೂರು ತಿಂಗಳಾಗಿತ್ತು. ಬೆಂಗಳೂರು ಬಸ್ಸಿನ ದಾರಿ. ಮುಂಬೈ ಸಾವಿರ ಕಿಲೋಮೀಟರ್ ದೂರ. ಎದ್ದು ಹೋಗಿ ಲ್ಯಾಪ್‌ಟಾಪ್ ಮುಚ್ಚಿದೆ.

ಸೋಮವಾರ ನಸುಕಿಗೆ ಮತ್ತೆ ಲಾರಿ ಹತ್ತಿದ್ವಿ. ಅವರಿಗೆ ನೆಲಮಂಗಲದಲ್ಲಿ ಲೋಡ್ ಇತ್ತು. ನಾಗಮಂಗಲ ಕಡೆ ಹೋಗ್ತಾ ಗದ್ದೆ ಬಯಲು ಮುಗಿದು, ರಾಗಿ ಕೊಯ್ದ ಹೊಲ, ತೆಂಗಿನ ತೋಟ ಶುರುವಾದವು. ನಾಗಮಂಗಲದಲ್ಲಿ ಚಿಕ್ಕಪ್ಪ ಸೌಮ್ಯಕೇಶವನಿಗೆ ಕೂತಲ್ಲಿಂದಲೇ ಒಂದು ಕೈಯಲ್ಲಿ ನಮಸ್ಕಾರ ಹಾಕಿದರು. ಬೆಳ್ಳೂರು ಕ್ರಾಸ್‌ನಲ್ಲಿ ಮಂಗಳೂರು ಹೆದ್ದಾರಿಯ ಲಾರಿಗಳ ಸಾಲು. ಹತ್ತು ಗಂಟೆ ಮೀಟಿಂಗ್‌ಗಾಗಿ ನಾನಲ್ಲಿ ಇಳಿದು ಬಸ್ ಹಿಡಿಯಬೇಕಿತ್ತು.

"ಮತ್ತೆ ಯಾವಾಗ್ಲಾ?"

"ನೀವು ಬರೋ ಶನಿವಾರ" ಅಂದೆ.

ಬಸ್ಸಲ್ಲಿ ಸೀಟ್ ಸಿಕ್ಕ ತಕ್ಷಣ ಮೊದಲು ಮಾಡಿದ್ದು, ಆಫೀಸ್ ಕ್ಯಾಲೆಂಡರ್ ತೆಗೆದು ಎರಡು ವಾರಕ್ಕೊಂದು ಶನಿವಾರ-ಭಾನುವಾರ ಗುರುತು ಹಾಕಿದ್ದು. ಕಾರಣ ಬರೆಯೋ ಜಾಗದಲ್ಲಿ 'ಊರು' ಅಂತ ಬರೆದೆ.