ಮಳೆಯೂರಿನ ಆಟದಂಗಳ

ತೀರ್ಥಹಳ್ಳಿಯಿಂದ ಕುಂದಾಪುರಕ್ಕೆ ಹೊರಟ ಬಸ್ಸು ಯಡೂರು ದಾಟಿದ ಮೇಲೆ ಕಾಡು ಎರಡೂ ಬದಿಯಿಂದ ರಸ್ತೆಯನ್ನು ಒತ್ತಿಕೊಂಡು ಬರುತ್ತದೆ. ಬೇಸಿಗೆಯಲ್ಲಾದರೆ ಕಿಟಕಿಯಿಂದ ತಂಪು ಗಾಳಿ. ಆಷಾಢದಲ್ಲಾದರೆ ಕಿಟಕಿಗಳೆಲ್ಲ ಮುಚ್ಚಿ, ಬಸ್ಸಿನೊಳಗೆ ಒದ್ದೆ ಕೊಡೆಗಳ ವಾಸನೆ. ಮಾಸ್ತಿಕಟ್ಟೆಯಲ್ಲಿ ಇಳಿದವರು ಮೊದಲು ಆಕಾಶ ನೋಡುತ್ತಾರೆ, ಆಮೇಲೆ ಚಹದಂಗಡಿ ಹುಡುಕುತ್ತಾರೆ. ಇಲ್ಲಿಂದ ಮುಂದೆ ಹುಲಿಕಲ್, ಬಾಳೆಬರೆ ಘಾಟಿ, ಕೆಳಗೆ ಹೊಸಂಗಡಿ. ಅಲ್ಲಿಗೆ ಮಲೆನಾಡು ಮುಗಿದು ಕರಾವಳಿ ಶುರು.

ಹೊಸನಗರ ತಾಲ್ಲೂಕಿನ ಈ ಊರನ್ನು ಹೊರಗಿನವರು ಬಲ್ಲುದು ವಾರಾಹಿ ಜಲವಿದ್ಯುತ್ ಯೋಜನೆಯಿಂದ. ಮಾಣಿ ಅಣೆಕಟ್ಟೆಯ ನೀರು ಘಟ್ಟದ ಕೆಳಗಿನ ಭೂಗರ್ಭ ವಿದ್ಯುದಾಗಾರಕ್ಕೆ ಧುಮುಕಿ, 115 ಮೆಗಾವಾಟಿನ ನಾಲ್ಕು ಯಂತ್ರಗಳನ್ನು ತಿರುಗಿಸುತ್ತದೆ. ಇಷ್ಟು ನೀರು ಎಲ್ಲಿಂದ ಬಂತು ಎಂಬುದಕ್ಕೆ ಉತ್ತರ ತಲೆಯ ಮೇಲೆಯೇ ಇದೆ. ಅರಬ್ಬೀ ಸಮುದ್ರದಿಂದ ತೇವ ಹೊತ್ತು ಬರುವ ಗಾಳಿ ಘಟ್ಟದ ಗೋಡೆಗೆ ಬಡಿದು ಮೇಲೇರುತ್ತದೆ, ಮೇಲೇರಿದಂತೆ ತಣಿಯುತ್ತದೆ, ತಣಿದ ಗಾಳಿ ತನ್ನ ತೇವವನ್ನು ಹೊತ್ತುಕೊಳ್ಳಲಾರದೆ ಇಲ್ಲಿಯೇ ಸುರಿದುಬಿಡುತ್ತದೆ. ಮಳೆಗಾಲದಲ್ಲಿ ಪತ್ರಿಕೆಯ ಜಿಲ್ಲಾ ಪುಟ ತೆರೆದರೆ ಮಾಣಿ, ಯಡೂರು, ಹುಲಿಕಲ್, ಮಾಸ್ತಿಕಟ್ಟೆ, ಚಕ್ರಾ, ಸಾವೆಹಕ್ಲು ಎಂಬ ಹೆಸರುಗಳು ಮಿಲಿಮೀಟರ್ ಲೆಕ್ಕದ ಜೊತೆ ಸಾಲಾಗಿ ನಿಂತಿರುತ್ತವೆ. ಒಂದೇ ದಿನಕ್ಕೆ ಇನ್ನೂರು ಮಿ.ಮೀ. ದಾಟಿದರೂ ಇಲ್ಲಿಯ ಹಿರಿಯರು ಹುಬ್ಬೇರಿಸುವುದಿಲ್ಲ.

ಹುಬ್ಬು ಗಂಟಿಕ್ಕಬೇಕಾದವರು ಶಾಲೆಯ ದೈಹಿಕ ಶಿಕ್ಷಕರು. ಒಂದು ಸಣ್ಣ ಲೆಕ್ಕ ಹಾಕೋಣ. ಕಬಡ್ಡಿ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಅದರ ಮೇಲೆ 100 ಮಿ.ಮೀ. ಮಳೆ ಬಿದ್ದರೆ ಹದಿಮೂರು ಸಾವಿರ ಲೀಟರ್ ನೀರು. ಇದು ಅಂಕಣವೊಂದರ ಮೇಲೆ ಮಾತ್ರ ಬಿದ್ದದ್ದು. ಸುತ್ತಲ ದಿಬ್ಬದಿಂದ ಹರಿದು ಬಂದದ್ದು ಬೇರೆ. ಜೂನ್ ಎರಡನೇ ವಾರಕ್ಕೆ ಹಾಕಿದ ಸುಣ್ಣದ ಗೆರೆ ಆರಿದ್ರಾ ಮಳೆಗೆ ಹೋದರೆ, ಪುನರ್ವಸು, ಪುಷ್ಯ, ಆಶ್ಲೇಷ ಕಳೆಯುವ ತನಕ ಮತ್ತೆ ಹಾಕುವ ಮಾತಿಲ್ಲ. ಅಂಗಳದ ಅಂಚಿನ ಹುಲ್ಲಿನಲ್ಲಿ ಇಂಬಳ, ನಡುವೆ ಪಾಚಿ.

ತೊಡಕಿರುವುದು ತಾರೀಕಿನಲ್ಲಿ. ಶಾಲಾ ಮಕ್ಕಳ ಕ್ರೀಡಾಕೂಟಗಳು ವಲಯ, ತಾಲ್ಲೂಕು, ಜಿಲ್ಲೆ ಎಂದು ಮೆಟ್ಟಿಲು ಹತ್ತುವುದು ಶಾಲೆ ತೆರೆದ ಮೇಲಿನ ಮೊದಲ ಕೆಲವು ತಿಂಗಳುಗಳಲ್ಲೇ. ಬಯಲುಸೀಮೆಯ ಹುಡುಗ ಒಣ ಮಣ್ಣಿನಲ್ಲಿ ಓಡುತ್ತಿರುವಾಗ ಘಟ್ಟದ ಅಂಚಿನ ಹುಡುಗಿ ಜಗಲಿಯಲ್ಲಿ ನಿಂತು ಸೂರಿನ ನೀರು ನೋಡುತ್ತಿರುತ್ತಾಳೆ. ಜಿಲ್ಲಾಮಟ್ಟದಲ್ಲಿ ಇಬ್ಬರೂ ಒಂದೇ ಅಂಕಣದಲ್ಲಿ ನಿಲ್ಲಬೇಕು. ಇದನ್ನು ಹಣೆಬರಹ ಎನ್ನುವವರಿದ್ದಾರೆ. ಕೂಟಗಳ ವೇಳಾಪಟ್ಟಿಯನ್ನು ಮಲೆನಾಡಿಗೆಂದೇ ಸ್ವಲ್ಪ ಸಡಿಲಿಸಿದರೆ ಯಾರ ಗಂಟೂ ಹೋಗುವುದಿಲ್ಲ. ಮಳೆಗೆ ಮಡಿಕೇರಿಯೇನೂ ಕಡಿಮೆಯಲ್ಲ. ಆದರೆ ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಉತ್ಸವ ನಡೆಯುವುದು ಬೇಸಿಗೆಯಲ್ಲಿ, ಮಳೆಗೆ ಮುಂಚೆ. ಊರಿನ ಆಟ ಊರಿನ ಋತುವನ್ನು ಕೇಳಿಕೊಂಡು ನಡೆಯಿತು.

ಅಂಗಳವೇ ಅಪರೂಪವಾದಾಗ ಮಕ್ಕಳನ್ನು ಹೇಗೆ ತಯಾರು ಮಾಡಬೇಕು ಎಂಬುದನ್ನು ನಮ್ಮ ದೇಶದ ಇನ್ನೊಂದು ತುದಿಯವರು ಚೆನ್ನಾಗಿ ಬಲ್ಲರು. ಸಮುದ್ರಮಟ್ಟದಿಂದ ಮೂರೂವರೆ ಸಾವಿರ ಮೀಟರ್ ಎತ್ತರದ ಲೇಹ್ ಪಟ್ಟಣದಲ್ಲಿ ಚಳಿಗಾಲಕ್ಕೆ ಗುಪುಕ್ಸ್ ಎಂಬ ಕೊಳ ಹೆಪ್ಪುಗಟ್ಟುತ್ತದೆ. ಮಕ್ಕಳು ಅದರ ಮೇಲೆ ಐಸ್ ಹಾಕಿ ಆಡುತ್ತಾರೆ. ಈಚಿನ ವರ್ಷಗಳಲ್ಲಿ ಎನ್‌ಡಿಎಸ್ ಕ್ರೀಡಾಂಗಣದಲ್ಲಿ ಕೃತಕ ಮಂಜಿನ ಅಂಕಣ ಬಂದಿದೆಯಾದರೂ ಸಹಜವಾದ ಮಂಜು ಸಿಗುವುದು ವರ್ಷಕ್ಕೆ ಸುಮಾರು ಎರಡು ತಿಂಗಳು. ರಾತ್ರಿ ನೀರು ಸುರಿದು ಮೇಲ್ಮೈ ನುಣುಪು ಮಾಡಿ, ಬೆಳಿಗ್ಗೆ ಬಿಸಿಲು ಬಲಿಯುವ ಮೊದಲು ಆಡಬೇಕು. ಅವರಿಗೆ ಎರಡು ತಿಂಗಳು ಮಾತ್ರ ಅಂಗಳವಿದೆ. ಮಾಸ್ತಿಕಟ್ಟೆಯ ಮಕ್ಕಳಿಗೆ ನಾಲ್ಕು ತಿಂಗಳು ಇಲ್ಲ.

ಮಂಜಿನ ಅಂಕಣದ ಬಾಡಿಗೆ ದುಬಾರಿಯಾಗಿರುವ ಅಮೆರಿಕದಲ್ಲಿ ಈ ಲೆಕ್ಕಾಚಾರ ಇನ್ನೂ ಬಿಗಿಯಾಯಿತು. ಅಲ್ಲಿಯ ಹಾಕಿ ಸಂಸ್ಥೆ 2009ರಲ್ಲಿ ಮಕ್ಕಳ ತರಬೇತಿಗೆ ಹೊಸ ಕ್ರಮ ತಂದಿತು. ದೊಡ್ಡ ಅಂಕಣವನ್ನು ಅಡ್ಡಲಾಗಿ ತುಂಡು ಮಾಡಿ, ಒಂದೊಂದು ತುಂಡಿನಲ್ಲಿ ಪುಟ್ಟ ಗುಂಪು ಆಡುವುದು ಅದರ ತಿರುಳು. ಒಂದು ಕಡೆ ತಿರುಗುವುದು, ಒಂದು ಕಡೆ ಚೆಂಡಿನ ಬದಲು ಬಳಸುವ ಬಿಲ್ಲೆಯನ್ನು ಒಬ್ಬರಿಂದೊಬ್ಬರಿಗೆ ಕಳಿಸುವುದು, ಇನ್ನೊಂದು ಕಡೆ ಮೂವರ ಎದುರು ಮೂವರ ಆಟ. ಕೆಲವು ನಿಮಿಷಕ್ಕೊಮ್ಮೆ ಸೀಟಿ, ಗುಂಪುಗಳ ಅದಲುಬದಲು. ವಿವರಣೆಯೆಲ್ಲ ಅಂಕಣಕ್ಕೆ ಇಳಿಯುವ ಮೊದಲೇ ಮುಗಿದಿರಬೇಕು. ಮಂಜಿನ ಮೇಲೆ ನಿಲ್ಲಿಸಿ ಉಪನ್ಯಾಸ ಕೊಡುವ ತರಬೇತುದಾರನಿಗೆ ಅಲ್ಲಿ ಮರ್ಯಾದೆಯಿಲ್ಲ.

ಇದನ್ನು ನಮ್ಮ ಶಾಲೆಯ ಲೆಕ್ಕಕ್ಕೆ ಇಳಿಸಿ ನೋಡಬಹುದು. ಇಪ್ಪತ್ತು ಮಕ್ಕಳು, ಒಂದು ವಾಲಿಬಾಲ್, ಒಂದು ಸಾಲು, ನಲವತ್ತು ನಿಮಿಷ. ಒಬ್ಬರ ಸರದಿಗೆ ಇಪ್ಪತ್ತು ಸೆಕೆಂಡು ಎಂದರೆ ಒಟ್ಟು 120 ಸರದಿ; ತಲೆಗೆ ಆರು. ಉಳಿದ ಮೂವತ್ತೆಂಟು ನಿಮಿಷ ಮಗು ನಿಂತಿರುತ್ತದೆ, ಅಥವಾ ಮುಂದಿನವನ ಜುಟ್ಟು ಎಳೆಯುತ್ತಿರುತ್ತದೆ. ಅದೇ ಮಕ್ಕಳನ್ನು ಐದೈದರ ನಾಲ್ಕು ಗುಂಪು ಮಾಡಿ, ನಾಲ್ಕು ಹಳೆಯ ಚೆಂಡು ಕೊಟ್ಟರೆ ತಲೆಗೆ ಇಪ್ಪತ್ತನಾಲ್ಕು ಸರದಿ. ಇದಕ್ಕೆ ಬೇಕಾದದ್ದು ಹಿಂದಿನ ರಾತ್ರಿ ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡ ಯೋಜನೆ, ಮತ್ತು ಮೂರು ಹೆಚ್ಚಿನ ಚೆಂಡು. ಪಾಠದ ಟಿಪ್ಪಣಿ ಬರೆಯದೆ ತರಗತಿಗೆ ಹೋಗಬಾರದೆಂದು ಬಿ.ಇಡ್.ನಲ್ಲಿ ಕಲಿಸುತ್ತಾರೆ. ಅಂಗಳಕ್ಕೂ ಅದೇ ನಿಯಮ ಅನ್ವಯಿಸಬೇಕೆಂದು ಯಾರಿಗೂ ಹೊಳೆಯುವುದಿಲ್ಲ.

ಮಲೆನಾಡಿನ ಶಾಲೆಗಳಿಗೆ ದೇವರು ಕೊಟ್ಟ ವರವೆಂದರೆ ಜಗಲಿ. ಮೂವತ್ತು ಅಡಿ ಉದ್ದದ ಜಗಲಿಯಲ್ಲಿ ಪೂರ್ತಿ ಖೊ ಖೊ ಆಡಲಾಗದು, ನಿಜ. ಆದರೆ ಕುಳಿತಲ್ಲಿಂದ ಎದ್ದು ಮೊದಲ ಮೂರು ಹೆಜ್ಜೆ ಹಾಕುವುದನ್ನು ಅಲ್ಲಿ ನೂರು ಬಾರಿ ಮಾಡಬಹುದು. ಖೊ ಖೊದಲ್ಲಿ ಅರ್ಧ ಆಟ ಗೆಲ್ಲುವುದು ಆ ಮೂರು ಹೆಜ್ಜೆಯಲ್ಲೇ. ಕಬಡ್ಡಿಯಲ್ಲಿ ದಾಳಿಗಾರನಿಗೆ ಸಿಗುವುದು ಮೂವತ್ತು ಸೆಕೆಂಡು. ಸೀಮೆಸುಣ್ಣದಲ್ಲಿ ಬೋನಸ್ ಗೆರೆ ಎಳೆದು, ಉಸಿರು ಕಟ್ಟದಂತೆ ಕಬಡ್ಡಿ ಕಬಡ್ಡಿ ಎನ್ನುತ್ತ ಕಾಲು ಚಾಚಿ ಹಿಂದಿರುಗುವುದನ್ನು ಗೋಡೆ ಗಡಿಯಾರ ನೋಡಿಕೊಂಡು ಕಲಿಯಬಹುದು. ವಾಲಿಬಾಲಿಗೆ ಕಿಟಕಿಯಿಲ್ಲದ ಒಂದು ಗೋಡೆ ಸಾಕು. ಹಿಡಿತ, ಡೈವ್, ಮೈಮೇಲೆ ಬೀಳುವ ಯಾವುದನ್ನೂ ಒದ್ದೆ ಸಿಮೆಂಟಿನ ಮೇಲೆ ಮಾಡಿಸಕೂಡದು. ನೀರಿನ ಪದರ ಪಾದಕ್ಕೂ ನೆಲಕ್ಕೂ ನಡುವಿನ ಘರ್ಷಣೆಯನ್ನು ಕಿತ್ತುಕೊಳ್ಳುತ್ತದೆ. ಮಂಜಿನ ಮೇಲಿನ ಹುಡುಗ ಜಾರುವುದಕ್ಕೆಂದೇ ಬ್ಲೇಡು ಕಟ್ಟಿಕೊಂಡು, ತಲೆಗೆ ಹೆಲ್ಮೆಟ್ ಹಾಕಿ ಇಳಿದಿರುತ್ತಾನೆ. ನಮ್ಮವರು ಬರಿಗಾಲಲ್ಲಿರುತ್ತಾರೆ.

ಹೊಳವಾದ ದಿನವೊಂದು ಬಂದರೆ, ಅದು ಹೇಳಿ ಬರುವುದಿಲ್ಲ. ಅಂದು ಗೋಡೆಯ ಕಸರತ್ತು ಬದಿಗಿಟ್ಟು ಅಂಗಳಕ್ಕೆ ಇಳಿದು, ಓಟ, ಹಿಡಿತ, ತಂಡದ ಆಟಗಳನ್ನೇ ಮಾಡಿಸಬೇಕು. ಅಂತಹ ದಿನ ಮೈದಾನ ಸುತ್ತು ಹಾಕಿಸುತ್ತ ಕಾಲ ಕಳೆಯುವುದು ಲೇಹ್‌ನವರು ಮಂಜಿನ ಮೇಲೆ ಬಸ್ಕಿ ಹೊಡೆದಂತೆ. ಗುಡುಗು ಕೇಳಿದರೆ ಮಾತ್ರ ಎಲ್ಲವೂ ಬಂದ್. ಮಕ್ಕಳನ್ನು ಮರದ ಕೆಳಗಲ್ಲ, ಕಟ್ಟಡದೊಳಗೆ ಸೇರಿಸಿ, ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಾಯಬೇಕು.

ತಂದೆತಾಯಿಗಳ ಆತಂಕವನ್ನು ತಳ್ಳಿಹಾಕುವಂತಿಲ್ಲ. ಎಸ್ಸೆಸ್ಸೆಲ್ಸಿ ವರ್ಷ, ಅದರ ಮೇಲೆ ನೆಗಡಿ, ಅದರ ಮೇಲೆ ಒಣಗದ ಬಟ್ಟೆ. ನೀರು ಗಾಳಿಗಿಂತ ಸುಮಾರು ಇಪ್ಪತ್ತೈದು ಪಟ್ಟು ಚುರುಕಾಗಿ ದೇಹದ ಶಾಖ ಸೆಳೆಯುತ್ತದೆ. ಆದ್ದರಿಂದ ಬೆವರಿ ನೆನೆದ ಅಂಗಿಯಲ್ಲೇ ಮಗು ಮನೆ ತಲುಪುವಂತಾಗಬಾರದು. ಚೀಲದೊಳಗೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಒಂದು ಒಣ ಅಂಗಿ, ಒಂದು ಟವೆಲ್ಲು ಇದ್ದರೆ ಅಮ್ಮನ ಅರ್ಧ ಚಿಂತೆ ಕಡಿಮೆ. ಒದ್ದೆಯದಕ್ಕೆ ಬಚ್ಚಲೊಲೆಯ ಮೇಲಿನ ಗಳು ಇದ್ದೇ ಇದೆ. ಅಭ್ಯಾಸಕ್ಕೆ ಒಂದು ಗಂಟೆ ಎಂದರೆ ಒಂದೇ ಗಂಟೆ. ಸಂಜೆಯ ಬಸ್ಸು ತಪ್ಪಿದರೆ ಕತ್ತಲೆಯಲ್ಲಿ ಕಾಡುದಾರಿ ನಡೆಯಬೇಕಾದ ಮಕ್ಕಳಿರುವ ಊರಿದು. ಒಮ್ಮೆ ತಡವಾಗಿ ಬಂದ ಮಗಳನ್ನು ಮತ್ತೆ ಆಟಕ್ಕೆ ಕಳಿಸಲು ಅಪ್ಪ ಒಪ್ಪುವುದಿಲ್ಲ. ಹೆಣ್ಣುಮಕ್ಕಳ ತಂಡಗಳು ಒಡೆಯುವುದು ಬಹುಪಾಲು ಸೋಲಿನಿಂದಲ್ಲ, ಈ ಬಸ್ಸಿನಿಂದ.

ಐದು ಗಂಟೆಯ ಹೊತ್ತಿಗೆ ಮಾಸ್ತಿಕಟ್ಟೆಯ ರಸ್ತೆಯಲ್ಲಿ ಮಂಜು ಇಳಿಯುತ್ತದೆ. ಹುಲಿಕಲ್ ಕಡೆಯಿಂದ ಬರುವ ಬಸ್ಸಿನ ದೀಪ ಹತ್ತಿರ ಬರುವ ತನಕ ಕಾಣುವುದಿಲ್ಲ, ಸದ್ದು ಮಾತ್ರ ಕೇಳುತ್ತದೆ. ಕೊಡೆಗಳ ಕೆಳಗೆ ನಿಂತ ಮಕ್ಕಳಲ್ಲಿ ಯಾರೋ ಒಬ್ಬ ಅಷ್ಟರಲ್ಲೇ ರಸ್ತೆಯಂಚಿನ ಬಿಳಿ ಗೆರೆಗೆ ಕಾಲು ಚಾಚಿ, ಮುಟ್ಟಿ, ಹಿಂದೆ ಸರಿಯುತ್ತಾನೆ.